ಡಾಕ್ಸ್ ರಿಪೇರಿಗೆ ಕೂತು ಕೋಡ್ ಬಿಚ್ಚಿದ್ದು

ನಾನು ನೋಡಿಕೊಳ್ಳುವ ಓಪನ್ ಸೋರ್ಸ್ ಟೂಲ್ ಒಂದಿದೆ. ಪೈಥಾನ್‌ನಲ್ಲಿ ಬರೆದದ್ದು, ಟರ್ಮಿನಲ್‌ನಲ್ಲಿ ಓಡುವಂಥದ್ದು. ವೆಬ್ ಸರ್ವರ್, ಡೇಟಾಬೇಸ್, ರೌಟರ್ ಹೀಗೆ ಒಂದೊಂದೂ ಒಂದೊಂದು ಥರ ಬರೆಯುವ ಲಾಗ್ ಫೈಲ್‌ಗಳನ್ನು (ನಡೆದದ್ದನ್ನು ದಾಖಲಿಸುವ ಫೈಲ್‌ಗಳು) ಓದಿ, ಎಲ್ಲವನ್ನೂ ಒಂದೇ ರೂಪದ ಸಾಲುಗಳಾಗಿ ಹೊರಗೆ ಕೊಡುತ್ತದೆ. ಪ್ರತಿ ಫಾರ್ಮ್ಯಾಟ್‌ಗೂ ಒಂದು ರೀಡರ್ ಬೇಕು. ಆ ರೀಡರ್‌ಗಳೇ ಪ್ಲಗಿನ್‌ಗಳು, ಅಂದರೆ ಟೂಲ್‌ಗೆ ಸೇರಿಸಿಕೊಳ್ಳುವ ಕೋಡ್ ತುಣುಕುಗಳು. ಲಾಗ್ ಫಾರ್ಮ್ಯಾಟ್‌ಗಳಿಗೆ ಲೆಕ್ಕವೇ ಇಲ್ಲ. ಎಲ್ಲವನ್ನೂ ನಾವೇ ಬರೆಯುವುದು ಆಗದ ಮಾತು. ಹಾಗಾಗಿ ಪ್ಲಗಿನ್ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಬರೆದು ಕೊಡುವವರು ಮಾತ್ರ ಬರುತ್ತಿರಲಿಲ್ಲ.

ಇಶ್ಯೂಗಳು, ಅಂದರೆ ಬಳಕೆದಾರರು ಬರೆದು ಹಾಕುವ ಕೋರಿಕೆ-ದೂರುಗಳು, ಬರುತ್ತಿದ್ದವು. "ಈ ಫಾರ್ಮ್ಯಾಟ್‌ಗೂ ಸಪೋರ್ಟ್ ಕೊಡಿ" ಎನ್ನುವ ಇಶ್ಯೂಗಳೇ ಜಾಸ್ತಿ. ಕೆಲವರು ತಾವೇ ಬರೆದ ಪಾರ್ಸರ್ ಕೋಡನ್ನು (ಲಾಗ್ ಸಾಲನ್ನು ಬಿಡಿಸಿ ಓದುವ ಕೋಡ್) ಅದರೊಳಗೆ ಅಂಟಿಸಿ ಹೋಗಿದ್ದರು. ಅಂದರೆ ಕಷ್ಟದ ಕೆಲಸ ಅವರೇ ಮುಗಿಸಿದ್ದರು. ಅದನ್ನು ಪ್ಲಗಿನ್ ರೂಪಕ್ಕೆ ತರುವ ಸುಲಭದ ಕೆಲಸದ ಹತ್ತಿರ ಬಂದು ನಿಂತಿದ್ದರು. ಇದನ್ನು ನೋಡಿದ ಮೇಲೆ ಜನಕ್ಕೆ ಆಸಕ್ತಿ ಇಲ್ಲ ಎಂದು ಹೇಳುವ ಹಾಗಿರಲಿಲ್ಲ. ದಾರಿ ಎಲ್ಲೋ ಕಟ್ಟಿಕೊಂಡಿತ್ತು.

ಡಾಕ್ಯುಮೆಂಟೇಶನ್ (ಡಾಕ್ಸ್) ಸರಿಮಾಡಿದರೆ ಸಾಕು ಎಂದುಕೊಂಡೇ ಕೆಲಸ ಶುರುವಾಯಿತು. ಕೊನೆಗೆ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೋಡ್‌ಗೇ ಬಿದ್ದಿದ್ದವು. ಅದು ಹೇಗಾಯಿತು ಎನ್ನುವುದರ ಲಾಗ್ ಇದು.

## ಮೊದಲು ಏನೇನಿತ್ತು

ಮೂರು ಕಡೆ ಮೂರು ಥರದ ಬರಹ ಇತ್ತು. ಒಂದು, ರೀಡ್‌ಮಿ ಫೈಲ್. ಅದರಲ್ಲಿ ಟೂಲ್ ಇನ್‌ಸ್ಟಾಲ್ ಮಾಡುವುದು, ಬಳಸುವುದು ಎಲ್ಲ ಚೆನ್ನಾಗಿಯೇ ಇತ್ತು. ಪ್ಲಗಿನ್ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: "ನಿಮ್ಮದೇ ರೀಡರ್ ಬರೆಯಲು ಎಪಿಐ ರೆಫರೆನ್ಸ್ ನೋಡಿ." ಎರಡನೆಯದು, ಆ ರೆಫರೆನ್ಸ್, ಅಂದರೆ ಪ್ಲಗಿನ್ ಬಳಸಬಹುದಾದ ಕ್ಲಾಸ್, ಮೆಥಡ್‌ಗಳ (ಎಪಿಐ) ಪಟ್ಟಿ. ಕೋಡ್‌ನ ಡಾಕ್‌ಸ್ಟ್ರಿಂಗ್‌ಗಳಿಂದ (ಕೋಡ್‌ನೊಳಗೇ ಬರೆದ ವಿವರಣೆಗಳು) ಸ್ಫಿಂಕ್ಸ್ ಎಂಬ ಟೂಲ್ ತಾನಾಗಿ ತಯಾರಿಸುವ ಪುಟಗಳು. ಎಲ್ಲ ಕ್ಲಾಸ್, ಎಲ್ಲ ಮೆಥಡ್ ಅಕ್ಷರಮಾಲೆ ಪ್ರಕಾರ ಸಾಲಾಗಿ ನಿಂತಿದ್ದವು. ಹೊಸಬರಿಗೆ ಅದನ್ನು ತೋರಿಸುವುದು ಅಂದರೆ ನಿಘಂಟು ಕೈಗೆ ಕೊಟ್ಟು ಮಾತಾಡು ಅಂದ ಹಾಗೆ. ಮೂರನೆಯದು, ವಿಕಿಯಲ್ಲಿದ್ದ ಒಂದು ಉದಾಹರಣೆ. ಹುಡುಕಿದರೆ ಮೊದಲು ಸಿಗುತ್ತಿದ್ದದ್ದು ಅದೇ. ಅದರಲ್ಲಿದ್ದ ಬೇಸ್ ಕ್ಲಾಸ್‌ನ ಹೆಸರು ಎಷ್ಟೋ ರಿಲೀಸ್‌ಗಳ ಹಿಂದೆಯೇ ಬದಲಾಗಿತ್ತು.

ಡಾಕ್ಸ್ ಇಲ್ಲದಿದ್ದರೆ ಜನ ನೇರ ಕೋಡ್ ಓದುತ್ತಾರೆ. ಹಳಸಿದ ಡಾಕ್ಸ್ ಇದ್ದರೆ ಅದನ್ನೇ ನಂಬಿ ಸಂಜೆ ಪೂರ್ತಿ ಕಳೆಯುತ್ತಾರೆ. ಎರಡನೆಯದು ಜಾಸ್ತಿ ಕೆಟ್ಟದ್ದು. ಹಾಗಾಗಿ ಹೊಸದು ಒಂದಕ್ಷರ ಬರೆಯುವ ಮೊದಲು ವಿಕಿ ಪುಟದ ಒಳಗಿದ್ದದ್ದನ್ನೆಲ್ಲ ತೆಗೆದು, ಅಲ್ಲಿ ಹೊಸ ಜಾಗದ ಲಿಂಕ್ ಮಾತ್ರ ಉಳಿಸಿದೆ. ಪುಟವನ್ನೇ ಅಳಿಸಿದರೆ ಹಳೆಯ ಲಿಂಕ್ ಹಿಡಿದು ಬರುವವರಿಗೆ ಬರೀ ಎರರ್ ಕಾಣುತ್ತಿತ್ತು.

## ಕೆಟ್ಟಿರುವುದು ಎಲ್ಲಿ ಎಂದು ಹುಡುಕಿದ್ದು

ನನ್ನ ಮೆಷಿನ್‌ನಲ್ಲಿ ಎಲ್ಲವೂ ಓಡುತ್ತದೆ, ಆದ್ದರಿಂದ ನನ್ನ ಮೆಷಿನ್ ಈ ಕೆಲಸಕ್ಕೆ ಬಾರದು. ಖಾಲಿ ಕಂಟೇನರ್ (ಏನೂ ಇನ್‌ಸ್ಟಾಲ್ ಆಗಿರದ ಪ್ರತ್ಯೇಕ ಪರಿಸರ) ಒಂದರಲ್ಲಿ ಡಾಕ್ಸ್‌ನಲ್ಲಿ ಬರೆದದ್ದನ್ನು ಮಾತ್ರ ಟೈಪ್ ಮಾಡುತ್ತ ಹೋದೆ. ಗೊತ್ತಿರುವುದನ್ನು ಸೇರಿಸುವ ಹಾಗಿಲ್ಲ. ಆದರೂ ಗೊತ್ತಿರುವವನ ಕೈ ಸುಮ್ನೆ ಇರುವುದಿಲ್ಲ. ತಿಳಿಯದೆಯೇ ಸರಿಯಾದ ಡೈರೆಕ್ಟರಿಗೆ ಹೋಗಿಬಿಡುತ್ತದೆ. ಅದಕ್ಕೇ ಪೈಥಾನ್ ಚೆನ್ನಾಗಿ ಬರುವ, ಈ ಟೂಲ್ ಯಾವತ್ತೂ ಮುಟ್ಟದ ಒಬ್ಬ ಗೆಳತಿಯನ್ನು ಕೇಳಿಕೊಂಡೆ. ಅವಳು ಸ್ಕ್ರೀನ್ ಶೇರ್ ಮಾಡಿ ಒಂದು ಪ್ಲಗಿನ್ ಬರೆಯಬೇಕು, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಬೇಕು. ನಾನು ಮೈಕ್ ಮ್ಯೂಟ್ ಮಾಡಿ ನೋಟ್ಸ್ ಬರೆಯಬೇಕು.

ಮೊದಲ ಎಡವು ಸೆಟಪ್‌ನಲ್ಲೇ. ಡಾಕ್ಸ್‌ನಲ್ಲಿದ್ದದ್ದು ಸೆಟಪ್ ಡಾಟ್ ಪೈ ಫೈಲನ್ನು ನೇರವಾಗಿ ಓಡಿಸುವ ಹಳೆಯ ವಿಧಾನ. ಈಗ ಅದನ್ನು ಬಿಡಿ ಎಂದು ಪೈಥಾನ್ ಪ್ಯಾಕೇಜ್ ಕಟ್ಟುವ ಸೆಟಪ್‌ಟೂಲ್ಸ್ ತಾನೇ ಎಚ್ಚರಿಕೆ ಕೊಡುತ್ತದೆ. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್‌ನ ಎಡಿಟಬಲ್ ಇನ್‌ಸ್ಟಾಲ್ ಅದರ ಜಾಗಕ್ಕೆ ಬಂದಿದೆ. ಅವಳಿಗೆ ಇದು ಗೊತ್ತಿತ್ತು, ದಾಟಿದಳು. ಗೊತ್ತಿಲ್ಲದವರು ಕೆಂಪು ಅಕ್ಷರ ನೋಡಿ ಅಲ್ಲೇ ವಾಪಸ್ ಹೋಗುತ್ತಾರೆ.

ಮುಂದಿನ ಪ್ರಶ್ನೆಗೆ ಉತ್ತರ ಎಲ್ಲೂ ಇರಲಿಲ್ಲ. "ನಾನು ಬರೆಯೋ ಫೈಲ್ ನಿಮ್ಮ ರೆಪೊಸಿಟರಿ ಒಳಗೆ ಇಡಬೇಕಾ, ನನ್ನದೇ ಬೇರೆ ಮಾಡಬೇಕಾ?" ರೆಪೊಸಿಟರಿ ಅಂದರೆ ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ. ಒಳ್ಳೆಯ ಪ್ರಶ್ನೆ. ನೋಡಿಕೊಳ್ಳುವ ನಮ್ಮಲ್ಲೇ ಇದರ ಬಗ್ಗೆ ಒಮ್ಮತ ಇರಲಿಲ್ಲ.

ಮೂರನೆಯ ಕಡೆ ಅವಳು ಬಹಳ ಹೊತ್ತು ಸಿಕ್ಕಿಕೊಂಡಳು. ಪ್ಲಗಿನ್ ಬರೆದಳು, ಇನ್‌ಸ್ಟಾಲ್ ಮಾಡಿದಳು, ಟೂಲ್ ಓಡಿಸಿದಳು. ಟೂಲ್ ಏನೂ ಆಗಿಲ್ಲವೆಂಬಂತೆ "ಈ ಫಾರ್ಮ್ಯಾಟ್ ಗೊತ್ತಿಲ್ಲ" ಎಂದಿತು. "ಏನಪ್ಪಾ ಇದು, ಇನ್‌ಸ್ಟಾಲ್ ಆಯ್ತು ಅನ್ನುತ್ತೆ, ಓಡಿಸಿದರೆ ನನ್ನ ಪ್ಲಗಿನ್ನೇ ಕಾಣ್ತಿಲ್ವಲ್ಲ." ಪ್ಲಗಿನ್ ಸಿಕ್ಕಲಿಲ್ಲವಾ, ಸಿಕ್ಕಿ ಲೋಡ್ ಆಗಲಿಲ್ಲವಾ, ಲೋಡ್ ಆಗಿ ಫೈಲನ್ನು ಗುರುತಿಸಲಿಲ್ಲವಾ? ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತಿದ್ದವು.

ಇಶ್ಯೂದಲ್ಲಿ ಕೋಡ್ ಅಂಟಿಸಿ ಹೋದವರು ಯಾವ ಹಂತದಲ್ಲಿ ಕೈಬಿಟ್ಟಿರಬೇಕು ಎಂದು ಇಲ್ಲಿಗೆ ಸ್ಪಷ್ಟವಾಯಿತು.

## ಮೊದಲ ತೀರ್ಮಾನ: ಪ್ಲಗಿನ್ ಎಲ್ಲಿ ಇರಬೇಕು

ಡಾಕ್ಸ್ ಬರೆಯಬೇಕಾದರೆ ಮೊದಲು ನಿಯಮ ಬೇಕು. ಕೂತು ಚರ್ಚೆ ಮಾಡಿ ಹೀಗೆ ಮಾಡಿದೆವು: ತುಂಬ ಜನ ಬಳಸುವ, ಹೊರಗಿನ ಲೈಬ್ರರಿ ಬೇಡದ ಫಾರ್ಮ್ಯಾಟ್‌ಗಳು ಮುಖ್ಯ ರೆಪೊಸಿಟರಿ ಒಳಗೆ. ಉಳಿದದ್ದೆಲ್ಲ ಬರೆದವರ ಸ್ವಂತ ಪ್ಯಾಕೇಜ್. ಒಳಗೆ ಬರಲಿ ಎಂದರೆ ರಿವ್ಯೂ, ಮುಂದಿನ ನಿರ್ವಹಣೆ ಎಲ್ಲ ನಮ್ಮ ತಲೆಗೆ. ಹೊರಗೆ ಇರಲಿ ಎಂದರೆ ಬರೆದವರಿಗೆ ನಮ್ಮ ಅನುಮತಿಗೆ ಕಾಯುವ ಅಗತ್ಯವೇ ಇಲ್ಲ. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ವಾರಗಟ್ಟಲೆ ಬಿದ್ದಿರುವ ಪ್ರಾಜೆಕ್ಟ್‌ಗಳಲ್ಲಿ ಈ ಎರಡನೆಯ ದಾರಿಯೇ ಜೀವ ಉಳಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹೊರಗಿನ ಪ್ಲಗಿನ್ ಹುಡುಕಲು ಪೈಥಾನ್‌ನಲ್ಲಿ ಎಂಟ್ರಿ ಪಾಯಿಂಟ್ ಎನ್ನುವ ವ್ಯವಸ್ಥೆ ಇದೆ. ಪ್ಯಾಕೇಜ್ ತನ್ನ ಮೆಟಾಡೇಟಾದಲ್ಲಿ (ತನ್ನ ಬಗ್ಗೆ ತಾನು ಕೊಡುವ ಮಾಹಿತಿಯಲ್ಲಿ) ಒಂದು ಗುಂಪಿನ ಹೆಸರು ಬರೆದು, ಅದರ ಕೆಳಗೆ "ಈ ಹೆಸರಿಗೆ ಈ ಮಾಡ್ಯೂಲ್‌ನ ಈ ವಸ್ತು" ಎಂದು ನಮೂದಿಸುತ್ತದೆ. ಟೂಲ್ ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ ಲೋಡ್ ಮಾಡಿಕೊಳ್ಳುತ್ತದೆ. ಟೆಸ್ಟ್ ಓಡಿಸುವ ಟೂಲ್ ಪೈಟೆಸ್ಟ್ ತನ್ನ ಪ್ಲಗಿನ್‌ಗಳನ್ನು ಹುಡುಕುವುದು ಹೀಗೆಯೇ. ಅದರ ಗುಂಪಿನ ಹೆಸರು ಪೈಟೆಸ್ಟ್11. ಕೋಡ್‌ನ ತಪ್ಪು ತೋರಿಸುವ ಫ್ಲೇಕ್8 ಕೂಡ ಇದೇ ದಾರಿ. ನಮ್ಮ ಟೂಲ್ ಇದಕ್ಕೆ ಪಿಕೆಜಿ ರಿಸೋರ್ಸಸ್ ಎಂಬ ಹಳೆಯ ಲೈಬ್ರರಿ ಬಳಸುತ್ತಿತ್ತು. ಇಂಪೋರ್ಟ್ ಮಾಡಿದ ಕ್ಷಣಕ್ಕೇ ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್‌ಗಳನ್ನೆಲ್ಲ ತಡಕುವುದರಿಂದ ನಿಧಾನ. ಪೈಥಾನ್ 3.8ರಿಂದ ಇದೇ ಕೆಲಸಕ್ಕೆ ಇಂಪೋರ್ಟ್‌ಲಿಬ್ ಮೆಟಾಡೇಟಾ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ; 3.10ರಿಂದ ಗುಂಪಿನ ಹೆಸರು ಕೊಟ್ಟು ನೇರವಾಗಿ ಕೇಳಬಹುದು. ಅದಕ್ಕೆ ಬದಲಾಯಿಸಿದೆ. ಡಾಕ್ಸ್‌ನಲ್ಲಿ "ಟೂಲ್ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯಬಹುದು" ಎಂಬ ಸಾಲು ಇತ್ತು, ಅದೂ ಹೋಯಿತು.

## ಸುಮ್ಮನಿರುವ ಎರರ್

ಗೆಳತಿಯ ಪ್ಲಗಿನ್ ಕಾಣದಿರಲು ಕಾರಣ ಒಂದು ಸಣ್ಣ ವಿಷಯ. ಎಡಿಟಬಲ್ ಇನ್‌ಸ್ಟಾಲ್ ಮಾಡಿದ ಮೇಲೆ ಕೋಡ್‌ನಲ್ಲಿ ಏನು ಬದಲಾಯಿಸಿದರೂ ತಕ್ಷಣ ಜಾರಿಗೆ ಬರುತ್ತದೆ. ಆದರೆ ಎಂಟ್ರಿ ಪಾಯಿಂಟ್ ಹಾಗಲ್ಲ. ಅದು ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಿ ಪ್ಯಾಕೇಜ್‌ನ ಮೆಟಾಡೇಟಾ ಫೋಲ್ಡರ್‌ನೊಳಗೆ ಬರೆದುಕೊಳ್ಳುವಂಥದ್ದು. ಪ್ಯಾಕೇಜ್‌ನ ವಿವರ ಬರೆಯುವ ಪೈಪ್ರಾಜೆಕ್ಟ್ ಫೈಲ್‌ನಲ್ಲಿ ಆಮೇಲೆ ಎಂಟ್ರಿ ಪಾಯಿಂಟ್ ಸೇರಿಸಿದರೆ, ಇನ್ನೊಮ್ಮೆ ಇನ್‌ಸ್ಟಾಲ್ ಮಾಡುವ ತನಕ ಯಾರಿಗೂ ಕಾಣುವುದಿಲ್ಲ. ಅವಳು ಮೊದಲು ಇನ್‌ಸ್ಟಾಲ್ ಮಾಡಿ ಆಮೇಲೆ ಸೇರಿಸಿದ್ದಳು. ಯಾರಾದರೂ ಹಾಗೇ ಮಾಡುತ್ತಾರೆ.

ಇದನ್ನು ಟ್ಯುಟೋರಿಯಲ್‌ನಲ್ಲಿ ಬರೆದೆ. ಆದರೆ ಇದರ ಜೊತೆಗೆ ಬರೆಯಬೇಕಾದದ್ದು ಇನ್ನೂ ಇತ್ತು. ಪ್ಯಾಕೇಜ್ ಹೆಸರಲ್ಲಿ ಹೈಫನ್ ಇರಬಹುದು, ಮಾಡ್ಯೂಲ್ ಹೆಸರಲ್ಲಿ ಅಂಡರ್‌ಸ್ಕೋರ್ ಮಾತ್ರ. ಗುಂಪಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಯಾರೂ ದೂರು ಹೇಳುವುದಿಲ್ಲ. ಪ್ಲಗಿನ್ ಒಳಗೆ ಇಂಪೋರ್ಟ್ ಎರರ್ ಬಂದರೆ ನಮ್ಮ ಲೋಡರ್ ಅದನ್ನು ಹಿಡಿದು ನುಂಗಿಬಿಡುತ್ತಿತ್ತು. ಒಂದು ಕೆಟ್ಟ ಪ್ಲಗಿನ್‌ನಿಂದ ಇಡೀ ಟೂಲ್ ನಿಲ್ಲಬಾರದು ಎನ್ನುವ ಒಳ್ಳೆಯ ಉದ್ದೇಶಕ್ಕೆ ಹಾಕಿದ ಎಕ್ಸೆಪ್ಟ್ ಬ್ಲಾಕ್ ಅದು.

"ಪ್ಲಗಿನ್ ಕಾಣದಿದ್ದರೆ" ಎಂಬ ಪುಟ ಬರೆಯುತ್ತ ಹೋದಂತೆ ಅದು ಉದ್ದವಾಗುತ್ತ ಹೋಯಿತು. ಇದನ್ನು ನೋಡಿ, ಅದನ್ನು ನೋಡಿ, ಪೈಥಾನ್ ಶೆಲ್ ತೆರೆದು ಇದನ್ನು ಟೈಪ್ ಮಾಡಿ. ಅಲ್ಲಿಗೆ ಬರೆಯುವುದು ನಿಲ್ಲಿಸಿ ಟೂಲ್‌ಗೇ ಒಂದು ಸಬ್‌ಕಮಾಂಡ್ ಸೇರಿಸಿದೆ. ಅದನ್ನು ಓಡಿಸಿದರೆ ಸಿಕ್ಕ ಪ್ಲಗಿನ್‌ಗಳ ಪಟ್ಟಿ ಬರುತ್ತದೆ: ಹೆಸರು, ಯಾವ ಪ್ಯಾಕೇಜ್‌ನಿಂದ ಬಂತು, ಅದರ ವರ್ಶನ್, ಲೋಡ್ ಆಯಿತೋ ಇಲ್ಲವೋ, ಇಲ್ಲದಿದ್ದರೆ ಪೂರ್ತಿ ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಬಂತು ಎಂಬ ವಿವರ). ಪ್ಲಗಿನ್ ಕೆಟ್ಟರೂ ಟೂಲ್ ನಿಲ್ಲುವುದಿಲ್ಲ, ಆದರೆ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಈ ಸಬ್‌ಕಮಾಂಡ್‌ನ ಹೆಸರು ಹೇಳುತ್ತದೆ. ಸ್ಯಾಂಪಲ್ ಫೈಲ್ ಕೊಟ್ಟು ಓಡಿಸಿದರೆ ಯಾವ ರೀಡರ್ "ಇದು ನನ್ನದು" ಎಂದಿತು, ಯಾವುದು "ಅಲ್ಲ" ಎಂದಿತು ಎನ್ನುವುದೂ ತೋರುತ್ತದೆ.

ಉದ್ದ ಪುಟ ಮಾಯವಾಯಿತು. ಆ ಜಾಗದಲ್ಲಿ ಈಗ ಎರಡು ಸಾಲು ಇದೆ, ಮೊದಲನೆಯದು ಆ ಕಮಾಂಡ್.

## ಟ್ಯುಟೋರಿಯಲ್: ಔಟ್‌ಪುಟ್ ಮೊದಲು

ಡೇನಿಯಲೆ ಪ್ರೊಸಿಡಾ ರೂಪಿಸಿದ ಡಯಾಟ್ಯಾಕ್ಸಿಸ್ ಎಂಬ ವಿಧಾನದಲ್ಲಿ ಡಾಕ್ಸ್‌ಗೆ ನಾಲ್ಕು ಬಗೆ: ಕಲಿಸುವ ಟ್ಯುಟೋರಿಯಲ್, ಕೆಲಸ ಸಾಗಿಸುವ ಹೌ-ಟು, ಮಾಹಿತಿ ಕೊಡುವ ರೆಫರೆನ್ಸ್, ಯಾಕೆ ಎಂದು ಹೇಳುವ ವಿವರಣೆ. ನಾಲ್ಕನ್ನೂ ಬೆರೆಸಬೇಡಿ ಎನ್ನುವುದು ಅದರ ತಿರುಳು. ನಾಲ್ಕು ಫೋಲ್ಡರ್ ಮಾಡಿ ಸಮನಾಗಿ ತುಂಬಬೇಕು ಅಂತೇನಿಲ್ಲ. ನನಗೆ ಇದು ಉಪಯೋಗಕ್ಕೆ ಬಂದದ್ದು ಒಂದೇ ಥರ: ಟ್ಯುಟೋರಿಯಲ್ ಬರೆಯುವಾಗ "ಯಾಕೆ" ಎಂದು ವಿವರಿಸುವ ಚಪಲ ಬಂದಾಗಲೆಲ್ಲ ಆ ಪ್ಯಾರಾ ಕತ್ತರಿಸಿ ಬೇರೆ ಫೈಲ್‌ಗೆ ಹಾಕಿದೆ.

ಟ್ಯುಟೋರಿಯಲ್‌ನ ಉದಾಹರಣೆಗೆ ನಿಜವಾದ ಫಾರ್ಮ್ಯಾಟ್ ಬೇಡ ಎಂದು ತೀರ್ಮಾನಿಸಿದೆ. ಅಪಾಚೆ ವೆಬ್ ಸರ್ವರ್‌ನ ಲಾಗ್ ತೆಗೆದುಕೊಂಡರೆ ಓದುವವರ ಅರ್ಧ ಗಮನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಮೇಲೆ ಹೋಗುತ್ತದೆ. ಸಮಯ, ಮಟ್ಟ, ಸಂದೇಶ ಈ ಮೂರನ್ನು ಪೈಪ್ (|) ಗುರುತಿನಿಂದ ಬೇರೆ ಮಾಡಿದ ಸುಳ್ಳು ಫಾರ್ಮ್ಯಾಟ್ ಒಂದನ್ನು ಕಟ್ಟಿದೆ. ಒಡೆಯಲು ಸ್ಪ್ಲಿಟ್ ಸಾಕು. ಓದುವವರು ಕಲಿಯಬೇಕಾದದ್ದು ಪ್ಲಗಿನ್ ಕಟ್ಟುವುದು. ಪಾರ್ಸ್ ಮಾಡುವುದು ಅವರಿಗೆ ಬರುತ್ತದೆ. ಇಶ್ಯೂಗಳಲ್ಲಿ ಅಂಟಿಸಿದ್ದ ಕೋಡೇ ಸಾಕ್ಷಿ.

ಕ್ರಮವನ್ನೂ ತಿರುಗಿಸಿದೆ. ಮೊದಲ ಹೆಜ್ಜೆಯಲ್ಲೇ ಟೆಂಪ್ಲೇಟ್‌ನಿಂದ ಪ್ಲಗಿನ್ ತಯಾರು, ಎರಡರಲ್ಲಿ ಇನ್‌ಸ್ಟಾಲ್, ಮೂರರಲ್ಲಿ ಪಟ್ಟಿಯಲ್ಲಿ ತಮ್ಮ ಪ್ಲಗಿನ್‌ನ ಹೆಸರು ಕಾಣುತ್ತದೆ. ಆಗಿನ್ನೂ ಒಂದು ಸಾಲು ಕೋಡ್ ಕೂಡ ಬರೆದಿರುವುದಿಲ್ಲ. ಆಮೇಲೆ ಓದುವ ಮೆಥಡ್ ತುಂಬಿದರೆ ಔಟ್‌ಪುಟ್. ಪ್ರತಿ ಹೆಜ್ಜೆಯ ಕೆಳಗೆ ಸ್ಕ್ರೀನ್ ಮೇಲೆ ಏನು ಕಾಣಬೇಕು ಎಂದು ಹಾಗೆಯೇ ಅಚ್ಚು ಹಾಕಿದೆ. ಎಲ್ಲಿ ಬೇರೆ ಕಂಡಿತೋ ಅಲ್ಲೇ ನಿಲ್ಲಬಹುದು, ಕೊನೆಗೆ ಬಂದು ಹಿಂದೆ ಹುಡುಕುವ ಗೋಳಿಲ್ಲ.

ಟೆಂಪ್ಲೇಟ್‌ಗೆ ಕುಕಿಕಟರ್ ಬಳಸಿದೆ. ಹೆಸರು, ಲೈಸೆನ್ಸ್ ಕೇಳಿ ಫೋಲ್ಡರ್ ತಯಾರಿಸಿ ಕೊಡುತ್ತದೆ. ಎಂಟ್ರಿ ಪಾಯಿಂಟ್ ಮೊದಲೇ ಸರಿಯಾಗಿ ಬರೆದಿರುತ್ತದೆ, ಹೈಫನ್ ತಂಟೆಯೂ ಮುಗಿಯಿತು. ಕೋಡ್ ಇಡುವ ತಾಣ ಗಿಟ್‌ಹಬ್‌ನ ಟೆಂಪ್ಲೇಟ್ ರೆಪೊಸಿಟರಿಯೂ ಆಗುತ್ತಿತ್ತು. ಆದರೆ ಅದು ಫೈಲ್‌ಗಳನ್ನು ಇದ್ದ ಹಾಗೆ ಕಾಪಿ ಮಾಡುತ್ತದೆ ಅಷ್ಟೇ, ಹೆಸರುಗಳನ್ನು ಕೈಯಾರೆ ಬದಲಾಯಿಸಬೇಕು. ಅಲ್ಲಿ ಒಂದು ಬಿಟ್ಟುಹೋದರೆ ಮತ್ತೆ ಅದೇ "ಕಾಣ್ತಿಲ್ವಲ್ಲ".

## "ಮರೆಯದೆ" ಎಂದು ಶುರುವಾಗುವ ಸಾಲುಗಳು

ರೆಫರೆನ್ಸ್‌ಗೆ ಕೈ ಹಾಕಿದಾಗ ನಿಜವಾದ ರಿಪೇರಿ ಶುರುವಾಯಿತು. ನಮ್ಮ ರೀಡರ್‌ಗೆ ಎರಡೇ ಮೆಥಡ್. ಒಂದು, ಈ ಫೈಲ್ ನಿನ್ನ ಫಾರ್ಮ್ಯಾಟಾ ಎಂದು ಕೇಳುವುದು. ಇನ್ನೊಂದು, ಹಾಗಾದರೆ ಓದಿ ಕೊಡು ಎನ್ನುವುದು. ತಾನಾಗಿ ತಯಾರಾದ ಪುಟದಲ್ಲಿ ಇವುಗಳ ಹೆಸರು, ಆರ್ಗ್ಯುಮೆಂಟ್, ಟೈಪ್ ಇದ್ದವು. ಪ್ಲಗಿನ್ ಬರೆಯುವವರು ಕೇಳುವುದು ಬೇರೆ: ಇದನ್ನು ಯಾವಾಗ ಕರೆಯುತ್ತಾರೆ, ಎಷ್ಟು ಸಲ, ಬೇರೆ ಪ್ಲಗಿನ್‌ಗಳಿಗಿಂತ ಮೊದಲಾ ಆಮೇಲಾ, ಏನೂ ಸಿಗದಿದ್ದರೆ ಏನು ರಿಟರ್ನ್ ಮಾಡಬೇಕು, ಎರರ್ ಎಸೆದರೆ ಏನಾಗುತ್ತದೆ. ಇವಕ್ಕೆಲ್ಲ ಉತ್ತರ ಬರೆಯಲು ಕೂತೆ.

ಮೊದಲ ಮೆಥಡ್‌ಗೆ ತೆರೆದ ಫೈಲ್ ಆಬ್ಜೆಕ್ಟ್ ಕೈಗೆ ಸಿಗುತ್ತಿತ್ತು. ನಾನು ಬರೆದ ಸಾಲು: "ಪರೀಕ್ಷಿಸಿದ ಮೇಲೆ ಮರೆಯದೆ ಫೈಲನ್ನು ಮತ್ತೆ ಮೊದಲಿಗೆ ಸರಿಸಿ." ಸರಿಸದಿದ್ದರೆ ಮುಂದಿನ ಪ್ಲಗಿನ್‌ಗೆ ಫೈಲ್ ನಡುವಿನಿಂದ ಸಿಗುತ್ತದೆ, ಅದು ತನ್ನದಲ್ಲ ಎನ್ನುತ್ತದೆ. ಅಂದರೆ ಒಬ್ಬರ ಪ್ಲಗಿನ್‌ನಲ್ಲಿ ಬಿಟ್ಟುಹೋದದ್ದಕ್ಕೆ ಇನ್ನೊಬ್ಬರ ಪ್ಲಗಿನ್ ಕೆಲಸ ಮಾಡುವುದಿಲ್ಲ. ಬರೆದ ಸಾಲು ಸಾಲದು ಎಂದು ಆಗ ಹೊಳೆಯಿತು. ಇನ್‌ಪುಟ್ ಇನ್ನೊಂದು ಪ್ರೋಗ್ರಾಮ್‌ನಿಂದ ಪೈಪ್ ಮೂಲಕ ಬರುತ್ತಿದ್ದರೆ ಹಿಂದಕ್ಕೆ ಸರಿಸುವುದು ಆಗುವುದೇ ಇಲ್ಲ. ಎಷ್ಟು ಚೆನ್ನಾಗಿ ಬರೆದರೂ ಆ ಸೂಚನೆ ಪಾಲಿಸಲು ಬರುವುದಿಲ್ಲ.

ಹಾಗಾಗಿ ಮೆಥಡನ್ನೇ ಬದಲಾಯಿಸಿದೆ. ಈಗ ಫೈಲ್ ಬದಲು ಮೊದಲ 4096 ಬೈಟ್‌ಗಳನ್ನು ಮಾತ್ರ ಕೊಡುತ್ತೇವೆ. ಟೂಲ್ ತಾನೇ ಒಮ್ಮೆ ಓದಿ ಇಟ್ಟುಕೊಂಡು ಎಲ್ಲ ಪ್ಲಗಿನ್‌ಗಳಿಗೂ ಅದನ್ನೇ ತೋರಿಸುತ್ತದೆ. ಪ್ಲಗಿನ್ ಏನು ಮಾಡಿದರೂ ಪಕ್ಕದವರಿಗೆ ತೊಂದರೆ ಇಲ್ಲ. "ಮರೆಯದೆ" ಸಾಲು ಬೇಡವಾಯಿತು. ಆಮೇಲಿಂದ ಇದನ್ನೇ ಅಳತೆಗೋಲು ಮಾಡಿಕೊಂಡೆ: ಡ್ರಾಫ್ಟ್‌ನಲ್ಲಿ "ಮರೆಯದೆ", "ಎಚ್ಚರಿಕೆ", "ಗಮನಿಸಿ" ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದು, ಪ್ರತಿಯೊಂದಕ್ಕೂ ಕೋಡ್‌ನಲ್ಲಿ ಪರಿಹಾರ ಇದೆಯಾ ನೋಡುವುದು.

ಎಲ್ಲಕ್ಕೂ ಇರುವುದಿಲ್ಲ. ಸಮಯದ ವಿಷಯ ನೋಡಿ. ಸಾಧನಗಳು ಲಾಗ್ ಕಳಿಸುವ ಹಳೆಯ ಸಿಸ್‌ಲಾಗ್ ರೂಪವನ್ನು ವಿವರಿಸುವ ಆರ್‌ಎಫ್‌ಸಿ 3164ರಲ್ಲಿ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಟೈಮ್‌ಸ್ಟ್ಯಾಂಪ್ ಅಂದರೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್. ವರ್ಷ ಇಲ್ಲ, ಟೈಮ್‌ಝೋನ್ ಇಲ್ಲ. 2009ರ ಆರ್‌ಎಫ್‌ಸಿ 5424 ಇದನ್ನು ಸರಿಮಾಡಿತು, ಆದರೆ ಹಳೆಯ ರೂಪದಲ್ಲಿ ಬರೆಯುವ ಸಾಧನಗಳು ಇನ್ನೂ ಎಷ್ಟೋ ಇವೆ. ಇಲ್ಲದ ವರ್ಷವನ್ನು ಪ್ಲಗಿನ್ ಬರೆಯುವವರು ಎಲ್ಲಿಂದ ತರಬೇಕು? ಕೆಲವರು ಈ ವರ್ಷ ಎಂದುಕೊಳ್ಳುತ್ತಾರೆ, ಜನವರಿಯಲ್ಲಿ ಡಿಸೆಂಬರ್‌ನ ಲಾಗ್ ಓದಿದಾಗ ಎಲ್ಲ ಮುಂದಿನ ಕಾಲಕ್ಕೆ ಹಾರುತ್ತದೆ. ಕೆಲವರು ಟೈಮ್‌ಝೋನ್ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಎಂದುಕೊಳ್ಳುತ್ತಾರೆ. ನಾವು ಹೀಗೆ ನಿಯಮ ಮಾಡಿದೆವು: ಲಾಗ್‌ನಲ್ಲಿ ಇಲ್ಲದ್ದನ್ನು ಪ್ಲಗಿನ್ ಊಹಿಸಬಾರದು. ಇದ್ದಷ್ಟನ್ನು ಕೊಡಲಿ, ಉಳಿದದ್ದನ್ನು ಬಳಕೆದಾರರು ಕೊಟ್ಟ ಆಯ್ಕೆ ನೋಡಿ ಟೂಲ್ ತುಂಬುತ್ತದೆ. ಇದಕ್ಕೆ ವಿವರಣೆಯ ಪುಟವೇ ಬೇಕಾಯಿತು, ಬರೆದೆ. ಇಡೀ ಡಾಕ್ಸ್‌ನಲ್ಲಿ ನನಗೆ ಇಷ್ಟವಾದ ಪುಟ ಅದು. ಬರೀ ನಿಯಮ ಹೇಳಿದ್ದರೆ ರಿವ್ಯೂನಲ್ಲಿ ಪ್ರತಿಸಲ ಜಗಳ ಆಗುತ್ತಿತ್ತು. ಡಿಸೆಂಬರ್-ಜನವರಿ ಉದಾಹರಣೆ ಓದಿದವರು ಮತ್ತೆ ಕೇಳುವುದಿಲ್ಲ.

ಕೆಟ್ಟ ಸಾಲು ಸಿಕ್ಕರೆ ಏನು ಮಾಡಬೇಕು ಎನ್ನುವುದೂ ಹೀಗೇ. ಒಬ್ಬರು ಬಿಟ್ಟು ಮುಂದೆ ಹೋಗುತ್ತಿದ್ದರು, ಒಬ್ಬರು ಪ್ರೋಗ್ರಾಮನ್ನೇ ನಿಲ್ಲಿಸುತ್ತಿದ್ದರು. ಈಗ ಒಂದು ನಿಗದಿತ ಎರರ್ ಇದೆ, ಪ್ಲಗಿನ್ ಅದನ್ನು ಸಾಲಿನ ನಂಬರ್ ಜೊತೆ ಕೊಟ್ಟರೆ ಸಾಕು. ನಿಲ್ಲಬೇಕೋ ಮುಂದೆ ಹೋಗಬೇಕೋ ಎನ್ನುವುದು ಬಳಕೆದಾರರ ಇಷ್ಟ.

## ಟೆಸ್ಟ್‌ಗಳನ್ನು ನಾವೇ ಕೊಡುವುದು

"ಟೆಸ್ಟ್ ಬರೆಯಿರಿ" ಎಂದು ಹೇಳುವುದು ಸುಲಭ. ಯಾವ ಟೆಸ್ಟ್? ಪೈಟೆಸ್ಟ್ ತನ್ನ ಪ್ಲಗಿನ್ ಬರೆಯುವವರಿಗೆ ಪೈಟೆಸ್ಟರ್ ಎಂಬ ಫಿಕ್ಸ್‌ಚರ್ (ಟೆಸ್ಟ್‌ಗೆ ಬೇಕಾದ ಸಿದ್ಧ ಸಲಕರಣೆ) ಕೊಡುತ್ತದೆ, ಪ್ಲಗಿನ್ ಟೆಸ್ಟ್ ಮಾಡುವುದಕ್ಕೆಂದೇ. ಅದರಿಂದ ಧೈರ್ಯ ತೆಗೆದುಕೊಂಡು ನಾವೂ ಒಂದು ಟೆಸ್ಟ್ ಕ್ಲಾಸ್ ಪ್ಯಾಕೇಜ್‌ನಲ್ಲೇ ಸೇರಿಸಿದೆವು. ಪ್ಲಗಿನ್ ಬರೆದವರು ಅದನ್ನು ಇನ್‌ಹೆರಿಟ್ ಮಾಡಿ ತಮ್ಮ ಸ್ಯಾಂಪಲ್ ಫೈಲ್ ಎಲ್ಲಿದೆ ಎಂದು ಹೇಳಿದರೆ ಮುಗಿಯಿತು. ಖಾಲಿ ಫೈಲ್, ಕೊನೆಯ ಸಾಲಿನಲ್ಲಿ ನ್ಯೂಲೈನ್ ಇಲ್ಲದ ಫೈಲ್, ವಿಂಡೋಸ್ ಥರದ ಸಾಲಿನ ಕೊನೆ, ಯುಟಿಎಫ್-8 ಅಲ್ಲದ ಬೈಟ್‌ಗಳು, ಬೇರೆಯವರ ಫಾರ್ಮ್ಯಾಟ್ ಕೊಟ್ಟಾಗ "ನನ್ನದಲ್ಲ" ಎನ್ನುವುದು, ಎಲ್ಲವನ್ನೂ ಅದೇ ಪರೀಕ್ಷಿಸುತ್ತದೆ. ರಿವ್ಯೂದಲ್ಲಿ ನಾವು ಪದೇ ಪದೇ ಬರೆಯುತ್ತಿದ್ದ ಕಾಮೆಂಟ್‌ಗಳೇ ಈ ಟೆಸ್ಟ್‌ಗಳಾದವು. ಮನುಷ್ಯರು ಹೇಳಿದರೆ ತಪ್ಪು ಹುಡುಕಿದ ಹಾಗೆ ಕೇಳುತ್ತದೆ, ಟೆಸ್ಟ್ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸ್ಯಾಂಪಲ್ ಫೈಲ್ ಅಂದಾಗ ಇನ್ನೊಂದು ವಿಷಯ. ಕಳಿಸುವವರು ತಮ್ಮ ನಿಜವಾದ ಸರ್ವರ್‌ನ ಲಾಗನ್ನೇ ಕತ್ತರಿಸಿ ಕಳಿಸುತ್ತಾರೆ. ಅದರಲ್ಲಿ ಐಪಿ ವಿಳಾಸ, ಇಮೇಲ್, ಕೆಲವೊಮ್ಮೆ ಟೋಕನ್ (ಪಾಸ್‌ವರ್ಡ್‌ನಂಥ ಗುಟ್ಟಿನ ಕೀಲಿ) ಕೂಡ ಇರುತ್ತದೆ. ಕೋಡ್‌ನ ಪ್ರತಿ ಬದಲಾವಣೆ ದಾಖಲಿಸುವ ಗಿಟ್‌ನ ಇತಿಹಾಸಕ್ಕೆ ಒಮ್ಮೆ ಸೇರಿದರೆ ತೆಗೆಯುವುದು ದೊಡ್ಡ ಕಿರಿಕಿರಿ. ಆದ್ದರಿಂದ ಹೌ-ಟು ಪುಟ ಒಂದರಲ್ಲಿ ಸ್ಯಾಂಪಲ್ ತೊಳೆಯುವುದು ಹೇಗೆ ಎಂದು ಬರೆದೆ. ಐಪಿಗೆ 192.0.2ರಿಂದ ಶುರುವಾಗುವ ವಿಳಾಸಗಳನ್ನು ಬಳಸಿ. ಆರ್‌ಎಫ್‌ಸಿ 5737 ಅವನ್ನು ಡಾಕ್ಸ್‌ನ ಉದಾಹರಣೆಗಳಿಗೆಂದೇ ಮೀಸಲಿಟ್ಟಿದೆ. ಡೊಮೇನ್‌ಗೆ ಎಕ್ಸಾಂಪಲ್ ಡಾಟ್ ಕಾಮ್ ಇದೆ, ಅದನ್ನು ಮೀಸಲಿಟ್ಟದ್ದು 1999ರ ಆರ್‌ಎಫ್‌ಸಿ 2606. ಪುಟದ ಜೊತೆ ಐಪಿಗಳನ್ನು ಬದಲಾಯಿಸಿ ಕೊಡುವ ಚಿಕ್ಕ ಸ್ಕ್ರಿಪ್ಟ್ ಕೂಡ ಇಟ್ಟೆ. ಟೋಕನ್‌ಗಳನ್ನು ಮಾತ್ರ ಕಣ್ಣಾರೆ ನೋಡಿಯೇ ತೆಗೆಯಬೇಕು.

## ಮತ್ತೆ ಹಳಸದ ಹಾಗೆ

ವಿಕಿ ಪುಟದ ಗತಿ ಹೊಸದಕ್ಕೂ ಬರಬಾರದಲ್ವಾ. ಅದಕ್ಕೆ ಡಾಕ್ಸ್‌ನೊಳಗೆ ಕೋಡನ್ನು ಟೈಪ್ ಮಾಡುವುದನ್ನೇ ಬಿಟ್ಟೆ. ಟ್ಯುಟೋರಿಯಲ್‌ನ ಪ್ಲಗಿನ್ ಎಕ್ಸಾಂಪಲ್ಸ್ ಫೋಲ್ಡರ್‌ನಲ್ಲಿ ನಿಜವಾದ ಪ್ಯಾಕೇಜ್ ಆಗಿ ಕೂತಿದೆ. ಸ್ಫಿಂಕ್ಸ್‌ನ ಲಿಟರಲ್‌ಇನ್‌ಕ್ಲೂಡ್ ಬಳಸಿ ಅದರಿಂದ ಬೇಕಾದ ಸಾಲುಗಳನ್ನು ಪುಟಕ್ಕೆ ಎಳೆದುಕೊಳ್ಳುತ್ತೇವೆ. ಸಾಲಿನ ನಂಬರ್ ಕೊಟ್ಟು ಎಳೆದರೆ ಮೇಲೆ ಒಂದು ಸಾಲು ಸೇರಿದ ಕೂಡಲೇ ಎಲ್ಲ ಜಾರುತ್ತದೆ. ಕೋಡ್‌ನಲ್ಲಿ ಕಾಮೆಂಟ್ ಗುರುತು ಇಟ್ಟು, ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳುವುದು ಮೇಲು. ಪ್ರತಿ ಪುಲ್ ರಿಕ್ವೆಸ್ಟ್‌ಗೂ ಸಿಐ (ತಾನಾಗಿ ಪರೀಕ್ಷೆ ಓಡಿಸುವ ವ್ಯವಸ್ಥೆ) ಈ ಉದಾಹರಣೆಯನ್ನು ಇನ್‌ಸ್ಟಾಲ್ ಮಾಡಿ ಟೆಸ್ಟ್ ಓಡಿಸುತ್ತದೆ. ಟೆಂಪ್ಲೇಟ್‌ನಿಂದ ಹೊಸ ಪ್ಲಗಿನ್ ತಯಾರಿಸಿ ಅದನ್ನೂ ಓಡಿಸುತ್ತದೆ. ಯಾರಾದರೂ ಬೇಸ್ ಕ್ಲಾಸ್ ಹೆಸರು ಬದಲಾಯಿಸಿದರೆ ಡಾಕ್ಸ್ ಕೆಂಪಾಗುತ್ತದೆ, ಅಂದರೆ ಪರೀಕ್ಷೆ ಫೇಲ್ ಎಂದು ತೋರುತ್ತದೆ. ರಸ್ಟ್ ಭಾಷೆಯವರಿಗೆ ಇದರಲ್ಲಿ ಒಂದು ಪಾಲು ಪುಕ್ಕಟೆ ಸಿಗುತ್ತದೆ: ಡಾಕ್ ಕಾಮೆಂಟ್‌ನಲ್ಲಿ ಬರೆದ ಉದಾಹರಣೆಗಳನ್ನು ಕಾರ್ಗೋ ಟೆಸ್ಟ್ ಎಂಬ ಕಮಾಂಡ್ ತಾನೇ ಓಡಿಸುತ್ತದೆ. ಪೈಥಾನ್‌ನಲ್ಲಿ ಡಾಕ್‌ಟೆಸ್ಟ್ ಇದೆ, ಸಣ್ಣ ತುಣುಕುಗಳಿಗೆ ಅದನ್ನು ಬಳಸಿದೆ.

ಲಿಂಕ್ ಚೆಕ್ ಮಾತ್ರ ಪುಲ್ ರಿಕ್ವೆಸ್ಟ್‌ಗೆ ಕಟ್ಟಲಿಲ್ಲ. ಎಲ್ಲೋ ಯಾರದೋ ಸರ್ವರ್ ಮಲಗಿದ್ದಕ್ಕೆ ಹೊಸಬರ ಮೊದಲ ಪುಲ್ ರಿಕ್ವೆಸ್ಟ್ ಕೆಂಪಾಗುವುದು ಸರಿಯಲ್ಲ. ಅದು ವಾರಕ್ಕೊಮ್ಮೆ ಬೇರೆಯಾಗಿ ಓಡುತ್ತದೆ.

ಎಪಿಐ ಬದಲಾದಾಗ ಹೊರಗಿನ ಪ್ಲಗಿನ್‌ಗಳಿಗೆ ತಿಳಿಸುವುದು ಹೇಗೆ? ಫೈಲ್ ಆಬ್ಜೆಕ್ಟ್ ತೆಗೆದದ್ದೇ ಅಂಥ ಬದಲಾವಣೆ. ಹಳೆಯ ಮೆಥಡನ್ನು ಸದ್ಯಕ್ಕೆ ಉಳಿಸಿ ಡೆಪ್ರಿಕೇಶನ್ ವಾರ್ನಿಂಗ್ (ಇದು ಮುಂದೆ ಇರುವುದಿಲ್ಲ ಎಂಬ ಎಚ್ಚರಿಕೆ) ಹಾಕಿದೆವು. ಪೈಥಾನ್ ಈ ಬಗೆಯ ವಾರ್ನಿಂಗನ್ನು, ಮುಖ್ಯ ಸ್ಕ್ರಿಪ್ಟ್‌ನಲ್ಲೇ ಹುಟ್ಟಿದ್ದನ್ನು ಬಿಟ್ಟರೆ, ಮಾಮೂಲಾಗಿ ತೋರಿಸುವುದಿಲ್ಲ. ಬಳಕೆದಾರರಿಗೆ ಕಾಣದಿರುವುದು ಒಳ್ಳೆಯದೇ, ಅವರು ಏನೂ ಮಾಡುವಂತಿಲ್ಲ. ಆದರೆ ಪೈಟೆಸ್ಟ್ ಅದನ್ನು ತೋರಿಸುತ್ತದೆ. ನಮ್ಮ ಟೆಸ್ಟ್ ಕ್ಲಾಸ್ ಬಳಸುವ ಪ್ಲಗಿನ್ ಲೇಖಕರಿಗೆ ಹೀಗೆ ಸುದ್ದಿ ತಾನಾಗಿ ಮುಟ್ಟುತ್ತದೆ. ಯಾವುದು ಪಬ್ಲಿಕ್ ಎಪಿಐ, ಯಾವುದು ನಮ್ಮ ಒಳಗಿನದು ಎನ್ನುವ ಪಟ್ಟಿಯೂ ಈಗ ಒಂದು ಪುಟದಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಇಂಪೋರ್ಟ್ ಮಾಡಿದರೆ ಅದು ಅವರ ಜವಾಬ್ದಾರಿ.

ಕೋಡ್ ಕೊಡಲು ಬರುವವರಿಗೆ ಸೂಚನೆ ಇರುವ ಕಾಂಟ್ರಿಬ್ಯೂಟಿಂಗ್ ಫೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಚಿಕ್ಕದು ಮಾಡಿದೆ. ಪುಲ್ ರಿಕ್ವೆಸ್ಟ್ ತೆರೆಯುವಾಗ ಗಿಟ್‌ಹಬ್ ಅದರ ಲಿಂಕ್ ತೋರಿಸುತ್ತದೆ, ಆ ಹೊತ್ತಿನಲ್ಲಿ ಯಾರೂ ಪ್ರಬಂಧ ಓದುವುದಿಲ್ಲ. ಹಕ್ಕುಗಳ ವಿಷಯಕ್ಕೆ ಉದ್ದ ಒಪ್ಪಂದದ ಬದಲು ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್, ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಹೇಳಿಕೆ) ಸಾಕು ಎಂದೆವು. ಲಿನಕ್ಸ್ ಕರ್ನಲ್ 2004ರಲ್ಲಿ ತಂದ ಪದ್ಧತಿ ಅದು. ಕಮಿಟ್ ಮಾಡುವಾಗ ಒಂದು ಸೈನ್-ಆಫ್ ಸಾಲು ಸೇರಿಸಿದರೆ ಆಯಿತು. ನಮ್ಮ ಕಡೆಯಿಂದ ರಿವ್ಯೂ ಎಷ್ಟು ದಿನದಲ್ಲಿ ಬರುತ್ತದೆ ಎಂದು ಬರೆಯೋಣವೇ ಎಂಬ ಮಾತು ಬಂತು. ಪಾಲಿಸಲು ಆಗದ ದಿನ ಅದೂ ಹಳಸಿದ ಡಾಕ್ಸೇ, ಬಿಟ್ಟೆವು.

## ಈಗಿನ ಸ್ಥಿತಿ

ಇಶ್ಯೂಗಳ ಧಾಟಿ ಬದಲಾಗಿದೆ. "ಇದಕ್ಕೆ ಸಪೋರ್ಟ್ ಕೊಡಿ" ಇನ್ನೂ ಬರುತ್ತದೆ, ಅದು ನಿಲ್ಲುವಂಥದ್ದಲ್ಲ. ಅದರ ಜೊತೆ ಈಗ "ಪಟ್ಟಿಯಲ್ಲಿ ಬಂತು, ಆದರೆ ಹಲವು ಸಾಲಿನ ಜಾವಾ ಸ್ಟ್ಯಾಕ್ ಟ್ರೇಸ್ ಒಂದೇ ದಾಖಲೆ ಮಾಡುವುದು ಹೇಗೆ" ಎಂಬಂಥ ಪ್ರಶ್ನೆಗಳು ಬರುತ್ತಿವೆ. ಅರ್ಧ ದಾರಿ ದಾಟಿದವರು ಕೇಳುವ ಪ್ರಶ್ನೆ ಅದು. ಹೌ-ಟು ಪುಟಗಳಿಗೆ ವಿಷಯವನ್ನು ಈಗ ಅಲ್ಲಿಂದಲೇ ಆರಿಸುತ್ತೇನೆ. ಒಂದೇ ಪ್ರಶ್ನೆ ಎರಡನೆಯ ಸಲ ಬಂದರೆ ಉತ್ತರವನ್ನು ಇಶ್ಯೂದಲ್ಲಿ ಬರೆಯದೆ ಪುಟ ಮಾಡಿ ಲಿಂಕ್ ಕೊಡುವುದು. ಹಿಂದೆ ಕೋಡ್ ಅಂಟಿಸಿ ಹೋದವರಿಗೆಲ್ಲ ಟ್ಯುಟೋರಿಯಲ್ ಲಿಂಕ್ ಹಾಕಿ, ನಿಮ್ಮ ಕೋಡ್ ಈ ಜಾಗದಲ್ಲಿ ಕೂರುತ್ತದೆ ಎಂದು ಬರೆದೆ. ಕೆಲವರು ವಾಪಸ್ ಬಂದರು, ಕೆಲವರಿಂದ ಉತ್ತರವಿಲ್ಲ.

ಬಾಕಿ ಇರುವ ದೊಡ್ಡ ಕೆಲಸ ಬೈನರಿ ಲಾಗ್‌ಗಳದ್ದು. ಲಿನಕ್ಸ್‌ನ ಲಾಗ್ ವ್ಯವಸ್ಥೆಯಾದ ಸಿಸ್ಟಮ್‌ಡಿ ಜರ್ನಲ್ ತನ್ನ ಫೈಲ್‌ಗಳನ್ನು ಬೈನರಿ ರೂಪದಲ್ಲಿ ಇಡುತ್ತದೆ, ಸಾಲು ಎಂಬ ಮಾತೇ ಅಲ್ಲಿ ಇಲ್ಲ. ನಮ್ಮ ಎರಡು ಮೆಥಡ್‌ಗಳಲ್ಲಿ ಓದುವ ಮೆಥಡ್ ಸಾಲುಗಳನ್ನೇ ನಂಬಿಕೊಂಡಿದೆ, ಸಾಲಿನ ನಂಬರ್ ಕೇಳುವ ಎರರ್ ಕೂಡ. ಇಂಥ ರೀಡರ್‌ಗೆ ಬೇರೆ ಇಂಟರ್‌ಫೇಸ್ ಬೇಕು. ಈ ಸಲ ಕ್ರಮ ತಿರುಗಿಸಿ, ಅದರ ಟ್ಯುಟೋರಿಯಲ್ ಪುಟವನ್ನು ಮೊದಲು ಬರೆದು ಪುಲ್ ರಿಕ್ವೆಸ್ಟ್ ತೆರೆದಿದ್ದೇನೆ. ಕೋಡ್ ಇನ್ನೂ ಒಂದು ಸಾಲೂ ಇಲ್ಲ. ಡ್ರಾಫ್ಟ್‌ನ ಎರಡನೆಯ ಪ್ಯಾರಾದಲ್ಲೇ ಒಂದು "ಮರೆಯದೆ" ಕೂತಿದೆ, ಸದ್ಯ ಅದರ ಮೇಲೆ ಚರ್ಚೆ ನಡೆಯುತ್ತಿದೆ.